ಎಡಗೈಯ ತೂಕ

ಕೇದಾರ ಘಾಟಿನ ಹಿಂದಿನ ಗಲ್ಲಿಯ ಎರಡನೆಯ ಅಂತಸ್ತಿನಲ್ಲಿ ವಾಸಂತಿ ಇಪ್ಪತ್ತೊಂಬತ್ತು ವರ್ಷಗಳಿಂದ ಸಂಸಾರ ಮಾಡುತ್ತಿದ್ದಾಳೆ. ಗಲ್ಲಿಯ ಜನ ಆಕೆಯನ್ನು ರೈಲ್ವೆಯವರ ಹೆಂಡತಿ ಎಂದು ಗುರುತಿಸುತ್ತಾರೆ. ಹತ್ತಿರದ ಕನ್ನಡಿಗರ ಮಠದವರಿಗೆ ಆಕೆ ಗದಗಿನ ಅಕ್ಕಾವರು. ಆಕೆ ಒಂದು ಕಾಲಕ್ಕೆ ಮೃದಂಗದಂಥ ಪಖಾವಾಜ್ ನುಡಿಸುತ್ತಿದ್ದಳೆಂಬುದು ಈಗ ಹೆಚ್ಚು ಜನರ ನೆನಪಿನಲ್ಲಿ ಇಲ್ಲ. ಗಂಡ ಮಂಜಪ್ಪ ಮಾತ್ರ ಮರೆತಿರಲಿಲ್ಲ. ಅವನೂ ಮರೆತಿದ್ದರೆ ಆಕೆಗೆ ಎಷ್ಟೋ ಹಿತವಾಗುತ್ತಿತ್ತು.

ಮಂಜಪ್ಪ ಸಿಗ್ನಲ್ ಇನ್‌ಸ್ಪೆಕ್ಟರ್ ಆಗಿ ಹುಬ್ಬಳ್ಳಿಯಿಂದ ಉತ್ತರದ ಈ ಯಾತ್ರಾಸ್ಥಳದ ಕಂಟೋನ್ಮೆಂಟ್ ಸ್ಟೇಷನ್ನಿಗೆ ವರ್ಗವಾಗಿ ಬಂದಾಗ ವಾಸಂತಿಗೆ ಮೂವತ್ತೆರಡು. ಮಕ್ಕಳಿರಲಿಲ್ಲ. ಗಂಡನಿಗೆ ಸಂಜೆಯ ಪಾಳಿ ಬಿದ್ದರೆ ಮನೆಯಲ್ಲಿ ಮಾತಿಗೆ ಒಬ್ಬರೂ ಇಲ್ಲ. ಹೊರಗಿನವರ ಹಿಂದಿ ಬಾರದು. ಆ ಸಂಜೆಗಳಲ್ಲಿ ಆಕೆ ಅಸ್ಸಿ ಘಾಟಿನ ಬಳಿ ಇದ್ದ ಪಂಡಿತ ರಘುನಂದನರ ಮನೆಗೆ ಹೋಗತೊಡಗಿದಳು. ಹೆಂಗಸಿಗೆ ಪಖಾವಾಜ್ ಏಕೆ ಎಂದು ಮುದುಕರು ಕೇಳಲಿಲ್ಲ. ಒಂದು ಬಟ್ಟಲು ಗೋಧಿ ಹಿಟ್ಟು ಕೈಗೆ ಕೊಟ್ಟು, ನಾದು ಎಂದರು. ಪಖಾವಾಜಿನ ಎಡಮುಖಕ್ಕೆ ಪ್ರತಿ ಸಲವೂ ಹಸಿ ಹಿಟ್ಟನ್ನು ಮೆತ್ತಬೇಕು. ಆ ಹಿಟ್ಟಿನ ಭಾರದಿಂದಲೇ ಚರ್ಮದಿಂದ ಆಳವಾದ ದನಿ ಹೊರಡುತ್ತದೆ. ಉಪ್ಪು ಹಾಕಬಾರದು, ಎಣ್ಣೆ ತಾಕಬಾರದು. ನುಡಿಸಿ ಮುಗಿದ ಮೇಲೆ ಕೆರೆದು ತೆಗೆಯಬೇಕು. ಎಡಮುಖವನ್ನು ಮುಟ್ಟಲು ಬಿಡುವ ಮೊದಲು ರಘುನಂದನರು ಆಕೆಯಿಂದ ನಾಲ್ಕು ತಿಂಗಳು ಹಿಟ್ಟನ್ನೇ ನಾದಿಸಿದರು. ಹನ್ನೊಂದು ವರ್ಷ ಕಲಿತ ಮೇಲೆ ಒಂದು ದಿನ, "ಬಹೂ, ನಿನ್ನ ಎಡಗೈ ಈಗ ನನ್ನದಕ್ಕಿಂತ ಭಾರ" ಎಂದರು. ಬೇರೆ ಹೊಗಳಿಕೆ ಅವರ ಬಾಯಿಂದ ಬಂದದ್ದಿಲ್ಲ. ಆಕೆಗೆ ಬೇಕಾಗಿಯೂ ಇರಲಿಲ್ಲ.

ಆ ವರ್ಷವೇ ಊರಿನ ಒಂದು ಸಂಗೀತ ಸಮ್ಮೇಳನದವರು ಹೊಸ ಕಲಾವಿದರಿಂದ ರೆಕಾರ್ಡಿಂಗ್ ಕೇಳಿದರು. ಮಂಜಪ್ಪ ಹುರುಪಿನಿಂದ ಒಂದು ಡಿಜಿಟಲ್ ರೆಕಾರ್ಡರ್ ಕೊಂಡು ತಂದ. ಅಂಗೈಯಷ್ಟು ಯಂತ್ರ, ಅದರ ಪುಸ್ತಕವನ್ನು ಅವನು ಸಿಗ್ನಲ್ ನಿಯಮಾವಳಿಯಂತೆ ಬಾಯಿಪಾಠ ಮಾಡಿದ್ದ. ಮಠದ ಸಭಾಂಗಣದಲ್ಲಿ ಆಕೆ ಇಪ್ಪತ್ತೆರಡು ನಿಮಿಷ ಚೌತಾಲ ನುಡಿಸಿದಳು. ತಿಂಗಳ ಮೇಲೆ ಸಮಿತಿಯ ಉತ್ತರ ಬಂತು: ಬಲಗೈ ಸ್ವಚ್ಛವಾಗಿದೆ, ಎಡಗೈಯಲ್ಲಿ ತೂಕವಿಲ್ಲ, ವಿಷಾದ. ಕಾರಣ ಕೇಳಲು ಹೋದಾಗ ಕಾರ್ಯದರ್ಶಿ ಎದ್ದೂ ನಿಲ್ಲದೆ, "ಹೆಂಗಸರ ಕೈ ಅಲ್ಲವೇ ಬೆಹೆನ್‌ಜಿ, ಇಷ್ಟಾದದ್ದೇ ಹೆಚ್ಚು" ಎಂದ.

ಆ ಮಾತನ್ನು ವಾಸಂತಿ ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ಬೇರೆ ಇತ್ತು. ಮನೆಗೆ ಬಂದು ಆ ರೆಕಾರ್ಡಿಂಗನ್ನು ತಾನೇ ಕೇಳಿದಾಗ ಎಡಗೈ ನಿಜವಾಗಿಯೂ ಇರಲಿಲ್ಲ. ಎರಡೂ ಕೈ ಸೇರಿಸಿ 'ಧಾ' ಎಂದು ಬಡಿದದ್ದೆಲ್ಲ ಬರಿಯ 'ತಾ' ಎಂದು ಕೇಳುತ್ತಿತ್ತು. ಬೇನೆಬಿದ್ದು ಬಿಹಾರದ ತಮ್ಮ ಹಳ್ಳಿಗೆ ಹೋಗಿದ್ದ ರಘುನಂದನರೂ ಆಕೆ ಕಳಿಸಿದ ಪ್ರತಿಯನ್ನು ಕೇಳಿ, "ನನ್ನ ಮುಂದೆ ಇದ್ದ ಎಡಗೈಯನ್ನು ಎಲ್ಲಿ ಬಿಟ್ಟು ಬಂದೆ?" ಎಂದು ಹೇಳಿ ಕಳಿಸಿದರು. ಮರುವರ್ಷ ತೀರಿಕೊಂಡರು. ನುಡಿಸುವಾಗ ತನಗೆ ಕೇಳುತ್ತಿದ್ದ ತೂಕ ತನ್ನ ಜಂಬದ ಸದ್ದಾಗಿರಬೇಕೆಂದು ವಾಸಂತಿ ತೀರ್ಮಾನಿಸಿದಳು. ಹಳೆಯ ಇಳಕಲ್ ಸೀರೆಯ ಗವಸು ಹೊಲಿದು, ಪಖಾವಾಜನ್ನು ಅಲಮಾರಿಯ ಮೇಲೇರಿಸಿದಳು.

ಮಂಜಪ್ಪ ಒಪ್ಪಲಿಲ್ಲ. "ಎಡಗೈ ರೆಕಾರ್ಡಿಂಗ್‌ನ್ಯಾಗ ಅದ. ನಮ್ಮ ಸ್ಪೀಕರಿಗೆ ಅದನ್ನ ತೆಗೀಲಿಕ್ಕೆ ಬರವಲ್ದು" ಎಂದ. ಮೊದಲ ವರ್ಷ ಅದು ಸಮಾಧಾನದ ಮಾತಾಗಿತ್ತು. ಬರಬರುತ್ತ ಅದೇ ಅವನ ವ್ರತವಾಯಿತು.

ಸ್ಪೀಕರುಗಳು ಬಂದವು, ಹೋದವು. ನಿವೃತ್ತನಾದ ವರ್ಷ, ಕಂಟೋನ್ಮೆಂಟಿನ ಹೋಟೆಲೊಂದು ತನ್ನ ಹಳೆಯ ಸಾಮಾನು ಮಾರುವಾಗ, ಅವನು ಒಂದು ಜೊತೆ ಪ್ಲೇನರ್ ಸ್ಪೀಕರ್ ತಂದ. ಡಬ್ಬಿಯಿಲ್ಲ, ಅದರೊಳಗಿನ ಕಾಗದದ ಶಂಕುವಿಲ್ಲ, ಬಾಗಿಲಿನಷ್ಟು ಎತ್ತರದ ಎರಡು ತೆಳ್ಳನೆಯ ಹಲಗೆಗಳು, ಒಳಗೆ ಆಯಸ್ಕಾಂತಗಳ ಎದುರು ಬಿಗಿದ ಹಾಳೆ. ಹಾಡುವವರ ಉಸಿರು, ತಂಬೂರಿಯ ತಂತಿಯ ಮೇಲೆ ಬೆರಳು ಜಾರುವುದು, ಎಲ್ಲವೂ ನೀರಿನಷ್ಟು ತಿಳಿಯಾಗಿ ಕೇಳುತ್ತಿತ್ತು. ಆಳದ ದನಿ ಮಾತ್ರ ಇರಲಿಲ್ಲ. ಹಾಳೆ ಮುಂದಕ್ಕೆ ತಳ್ಳಿದ ಗಾಳಿಯೂ ಹಿಂದಕ್ಕೆ ತಳ್ಳಿದ ಗಾಳಿಯೂ ಅಂಚಿನಲ್ಲಿ ಕೂಡಿ, ಕೆಳಗಿನ ದನಿಗಳು ಒಂದನ್ನೊಂದು ಅಳಿಸಿಬಿಡುತ್ತಿದ್ದವು. ಎಂಥ ಪಖಾವಾಜಿಯ ರೆಕಾರ್ಡಿಂಗ್ ಹಾಕಿದರೂ ಎಡಗೈ ಮಾಯ.

ಇದು ವಾಸಂತಿಗೆ ಯಾರಿಗೂ ಹೇಳದ ಒಂದು ನೆಮ್ಮದಿಯಾಗಿತ್ತು. ಎಲ್ಲರ ಎಡಗೈಯೂ ಇಲ್ಲದ ಮನೆಯಲ್ಲಿ ತನ್ನದೊಂದಿಲ್ಲದ್ದು ಎದ್ದು ಕಾಣುತ್ತಿರಲಿಲ್ಲ. ಗಂಡ ಒಂದು ದಿನ, "ಇವಕ್ಕ ಸಬ್‌ವೂಫರ್ ಸೇರಸ್ತೀನಿ. ಕೆಳಗಿನ ದನಿ ಅದು ನೋಡ್ಕೋತದ, ಮ್ಯಾಲಿಂದು ಇವು" ಎಂದಾಗ ಆಕೆ ಮೊದಲ ಬಾರಿಗೆ ಅಡ್ಡಬಂದಳು.

"ಈಗ ಹ್ಯಾಂಗ ಅದನೋ ಹಾಂಗ ಇರ್ಲಿ ಬಿಡ್ರಿ."

"ಯಾಕ? ಒಮ್ಮೆ ಕೇಳಿಬಿಡೋಣು. ಇತ್ಯರ್ಥ ಆಗ್ಲಿ."

"ಹದಿನೆಂಟು ವರ್ಷದ ಹಿಂದನ ಇತ್ಯರ್ಥ ಆಗೇದ. ನಿಮಗ ಒಬ್ಬರಿಗೇ ಆಗಿಲ್ಲ."

ಅವನು ಕೇಳಲಿಲ್ಲ. ಮೊದಲು ತಂದದ್ದು ಮದುವೆಯ ದಿಬ್ಬಣಕ್ಕೆ ಬಾಡಿಗೆ ಕೊಡುವವನ ಅಂಗಡಿಯ ಡಬ್ಬ, ಹಿಟ್ಟಿನ ಪೀಪಾಯಿಯಷ್ಟು ದೊಡ್ಡದು, ಹೊಟ್ಟೆಯಲ್ಲಿ ಗಾಳಿ ಹೋಗಲು ತೂತು. ಮೂಲೆಯಲ್ಲಿಟ್ಟು ಹಚ್ಚಿದಾಗ ಕಿಟಕಿಯ ಸರಳು ನಡುಗಿತು. ಕೆಳಗಿನ ಮನೆಯ ಬದರೀನಾರಾಯಣ, ನಿವೃತ್ತ ಶಾಲಾಮಾಸ್ತರ, ಬನಿಯನ್ನಿನಲ್ಲಿಯೇ ಮೆಟ್ಟಿಲೇರಿ ಬಂದ.

"ಭಾಯಿಸಾಹಬ್, ಯಾರ ದಿಬ್ಬಣ? ನನ್ನ ಅಡುಗೆಮನೆಯ ತಟ್ಟೆಗಳು ಆಗಲೇ ಕುಣಿಯಲು ಹೊರಟಿವೆ."

"ಪರೀಕ್ಷೆ ಮಾಸ್ಟರ್‌ಜಿ, ಪರೀಕ್ಷೆ."

"ಹಾಗಾದರೆ ಫೇಲ್ ಮಾಡಿ. ಪಾಸಾದರೆ ನನ್ನ ಗೋಡೆ ಉಳಿಯುವುದಿಲ್ಲ."

ಅಡುಗೆಮನೆಯಿಂದ ವಾಸಂತಿ ಒಂದೇ ಮಾತು ಹೇಳಿದಳು: "ತಡಾ ಬರ್ಲಿಕ್ಕತ್ತದ." ಹಲಗೆಗಳು ಬಲಗೈಯ ಪೆಟ್ಟನ್ನು ನುಡಿದು ಮುಗಿಸಿದ ಮೇಲೆ ಡಬ್ಬ ಎಡಗೈಯನ್ನು ಎಳೆದುಕೊಂಡು ಬರುತ್ತಿತ್ತು, ಬಂದದ್ದು ಹೋಗಲೊಲ್ಲದೆ ಮೂಲೆಯಲ್ಲಿ ಗುಂಯ್ಗುಡುತ್ತಿತ್ತು. ಮಂಜಪ್ಪನಿಗೆ ಅದು ಕೇಳಿಸಿರಲಿಲ್ಲ. ಅವನ ಕಿವಿ ಯಂತ್ರದ ಕಿವಿ. ತಾಳದ ಕಿವಿ ಆ ಮನೆಯಲ್ಲಿ ಒಬ್ಬಳದೇ.

ಹೀಗೆ, ಬೇಡವೆಂದವಳೇ ಆ ಕೆಲಸಕ್ಕೆ ಒರೆಗಲ್ಲಾದಳು. ತಪ್ಪು ಕಿವಿಗೆ ಬಿದ್ದ ಮೇಲೆ ಸುಮ್ಮನಿರುವುದು ಆಕೆಯ ಜಾಯಮಾನದಲ್ಲಿ ಇರಲಿಲ್ಲ. ಮಂಜಪ್ಪ ದೊಡ್ಡ ಡಬ್ಬವನ್ನು ಹಿಂದಿರುಗಿಸಿ, ನದಿಯಾಚೆಯ ರಾಮನಗರದ ಬಡಗಿಯೊಬ್ಬನಿಂದ ತೂತಿಲ್ಲದ ಎರಡು ಚಿಕ್ಕ ಡಬ್ಬಗಳನ್ನು ಮಾಡಿಸಿದ. ಮುಚ್ಚಿದ ಡಬ್ಬದಲ್ಲಿ ದನಿ ಬೇಗ ಹುಟ್ಟಿ ಬೇಗ ಅಡಗುತ್ತದೆ. ತೆಳ್ಳನೆಯ ಹಾಳೆಯ ಚುರುಕಿಗೆ ಅಂಥದೇ ಜೊತೆಯಾಗಬೇಕು. ಇಡುವ ಜಾಗ ಹುಡುಕಲು ಒಂದು ಡಬ್ಬವನ್ನು ತಾನು ಕೂಡುವ ಕುರ್ಚಿಯ ಮೇಲಿಟ್ಟು ಹಚ್ಚಿ, ಗೋಡೆಗುಂಟ ಮೊಣಕಾಲೂರಿ ತೆವಳುತ್ತ, ಎಲ್ಲಿ ದನಿ ಉಬ್ಬದೆ ತಗ್ಗದೆ ಸಮನಾಗಿ ಕೇಳುತ್ತದೆಂದು ನೆಲಕ್ಕೆ ಕಿವಿ ಕೊಟ್ಟ. ಅರವತ್ತಾರು ವರ್ಷದ ಗಂಡಸು ದೇವರ ಕೋಣೆಯ ಹೊಸ್ತಿಲ ಬಳಿ ಬೋರಲಾಗಿ ಮಲಗಿದ್ದನ್ನು ಪ್ರಸಾದ ಕೊಡಲು ಬಂದ ಮಠದ ಅಮರಯ್ಯ ಕಂಡು, "ಏನ್ರೀ ಮಂಜಪ್ಪಾವ್ರ, ಉರುಳುಸೇವೆ ಮನಿಯೊಳಗ ಚಾಲೂ ಮಾಡೀರಿ?" ಎಂದು ನಕ್ಕ.

ಕೆಳಗಿಳಿಯುವ ದನಿಯನ್ನು ಹಲಗೆಗಳು ಎಲ್ಲಿಗೆ ಬಿಡಬೇಕು, ಡಬ್ಬಗಳು ಎಲ್ಲಿಂದ ಹಿಡಿಯಬೇಕು ಎಂಬುದರ ಮೇಲೆ ಮೂರು ವಾರ ಹೋಯಿತು. ಅವನು ಗುಬುಟು ತಿರುವಿ "ಈಗ?" ಎನ್ನುವನು, ಆಕೆ ಕಾಯಿಪಲ್ಲೆ ಹೆಚ್ಚುತ್ತಲೇ "ತಡಾ" ಎನ್ನುವಳು, "ದಪ್ಪ" ಎನ್ನುವಳು, "ನಡುವ ತೂತು ಬಿದ್ದದ" ಎನ್ನುವಳು. ಒಂದು ಡಬ್ಬದ ತಂತಿಯನ್ನು ಅದಲುಬದಲು ಮಾಡಿ ಜೋಡಿಸಿದ ದಿನ, ಯಾರೋ ಹಿರಿಯರ ಹಳೆಯ ಧ್ರುಪದ ಕಛೇರಿ ನಡೆಯುತ್ತಿದ್ದಾಗ, ವಾಸಂತಿಯ ಕೈ ಈಳಿಗೆಯ ಮೇಲೆ ನಿಂತಿತು. ಎಡಗೈ ಬಂದಿತ್ತು. ಡಬ್ಬದಿಂದಲ್ಲ, ಹಲಗೆಯಿಂದಲೂ ಅಲ್ಲ. ಪಖಾವಾಜ್ ಇದ್ದ ಜಾಗದಿಂದ, ಬಲಗೈಯ ಜೊತೆಯಲ್ಲಿ, ಹಸಿ ಹಿಟ್ಟಿನ ಒದ್ದೆ ಭಾರದೊಂದಿಗೆ. ಆಕೆ ಸೆರಗಿಗೆ ಕೈ ಒರೆಸಿಕೊಂಡು ಬಂದು ಕುರ್ಚಿಯಲ್ಲಿ ಕುಳಿತಳು.

"ಸರಿ ಆತು" ಎಂದಳು. ಬಳಿಕ, ಬಹಳ ನಿಧಾನವಾಗಿ, "ಇನ್ನ ನಂದು ಹಚ್ರಿ" ಎಂದಳು.

ಬೆಳಗಿನ ಹತ್ತು ಗಂಟೆ. ಮಂಜಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬಂದು ರೆಕಾರ್ಡಿಂಗ್ ಹಾಕಿದ. ಆಕೆಯ ಬಲಗೈ ಕೋಣೆಯೊಳಗೆ ಎದ್ದು ನಿಂತಿತು, ಬೆರಳು ಬೆರಳೂ ಎಣಿಸುವಷ್ಟು ಸ್ಪಷ್ಟ. ಎಡಗೈ ಇರಲಿಲ್ಲ. 'ತಾ', 'ತಾ', 'ತಾ'. ಡಬ್ಬಗಳು ಬದುಕಿದ್ದವು, ಆದರೆ ಅವುಗಳ ಪಾಲಿಗೆ ಏನೂ ಬರುತ್ತಿರಲಿಲ್ಲ. ಮಂಜಪ್ಪ ಎದ್ದು ತಂತಿ ಮುಟ್ಟಿ ನೋಡಿದ. ಡಬ್ಬದ ಮೇಲೆ ಅಂಗೈ ಇಟ್ಟ.

ವಾಸಂತಿ ಅಲ್ಲಾಡಲಿಲ್ಲ. ಮೊದಲ ಐದು ನಿಮಿಷ ಆಕೆಗೆ ಹದಿನೆಂಟು ವರ್ಷದ ಹಿಂದಿನ ಅವಮಾನ ಎರಡನೆಯ ಸಲ ಆಯಿತು. ಆರನೆಯ ನಿಮಿಷಕ್ಕೆ ಆಕೆಯ ಹುಬ್ಬು ಗಂಟಿಕ್ಕಿತು. ತಾಳದ ಕಿವಿ ಇನ್ನೊಂದನ್ನು ಹುಡುಕುತ್ತಿತ್ತು.

"ಜನರೇಟರ್ ಎಲ್ಲಿ?" ಎಂದಳು.

"ಏನು?"

"ಅವತ್ತ ಕರೆಂಟ್ ಹೋಗಿತ್ತು. ಮಠದ ಅಂಗಳದಾಗ ಜನರೇಟರ್ ಗಡಗಡಾ ಅನ್ಲಿಕ್ಕತ್ತಿತ್ತು. ನನ್ನ ಮಂಡಿಗೆ ನೆಲ ನಡುಗೂದು ಗೊತ್ತಾಗ್ತಿತ್ತು. ಈ ರೆಕಾರ್ಡಿಂಗ್‌ನ್ಯಾಗ ಅದು ಇಲ್ಲಲ್ಲ. ಎಲ್ಲಿ ಹೋತು?"

ಮಂಜಪ್ಪನ ಮುಖ ಬಿಳುಪೇರಿತು. ಒಳಗೆ ಹೋಗಿ, ಟ್ರಂಕಿನ ತಳದಿಂದ ಆ ರೆಕಾರ್ಡರನ್ನು ತಂದ. ಅದರ ಬೆನ್ನಿಗೆ ಅಕ್ಕಿಕಾಳಿನಷ್ಟು ಚಿಕ್ಕ ಗುಂಡಿ. ಕೆಳಗಿನ ದನಿಗಳನ್ನು ಕತ್ತರಿಸಿ ಹಾಕುವ ಗುಂಡಿ. ಹದಿನೆಂಟು ವರ್ಷದ ಹಿಂದೆ ಅವನು ಯಾವ ಕಡೆಗೆ ಸರಿಸಿದ್ದನೋ ಅದೇ ಕಡೆಗೆ ಇತ್ತು.

ಅವಳಿಗೂ ಎಲ್ಲ ನೆನಪಾಯಿತು. ಆ ಮಧ್ಯಾಹ್ನ ಕರ್ನಾಟಕದಿಂದ ಬಂದ ಯಾತ್ರಿಕರ ಪಂಕ್ತಿ ಕುಳಿತಿತ್ತು. ಅಮರಯ್ಯ ತಾನಾಗಿಯೇ ಬಂದು, ಊಟ ಮುಗಿಯಲಿ, ಆಮೇಲೆ ಅರ್ಧ ತಾಸು ಜನರೇಟರ್ ನಿಲ್ಲಿಸುತ್ತೇನೆ, ಕಾಯಿರಿ ಎಂದಿದ್ದ. ಮಂಜಪ್ಪನೇ, "ಬ್ಯಾಡ ಬ್ಯಾಡ, ಪಂಕ್ತಿಯವರಿಗೆ ಫ್ಯಾನ್ ಬೇಕು. ನನ್ನ ಮಶೀನಿನ್ಯಾಗ ಅದಕ್ಕೊಂದು ಗುಂಡಿ ಅದ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ್ದ. ಮಠಕ್ಕೆ ತೊಂದರೆ ಕೊಡಬಾರದೆಂಬ ಸಂಕೋಚ ಅದರಲ್ಲಿ ಅರ್ಧ. ಉಳಿದರ್ಧ ಗುಂಡಿಯ ಹೆಮ್ಮೆ. ಜನರೇಟರಿನ ದನಿಯೂ ಹಿಟ್ಟು ಮೆತ್ತಿದ ಎಡಮುಖದ ದನಿಯೂ ಒಂದೇ ಆಳದಲ್ಲಿ ಇರುತ್ತವೆಂದು ಅವನಿಗೆ ಹೊಳೆಯಲೇ ಇಲ್ಲ. ಒಂದನ್ನು ಕತ್ತರಿಸಿದ ಗುಂಡಿ ಇನ್ನೊಂದನ್ನೂ ಕತ್ತರಿಸಿತ್ತು.

"ನನಗ ಖಬರ್ ಇರಲಿಲ್ಲ, ವಾಸಂತಿ" ಎಂದ. "ಆ ಗದ್ದಲದಾಗ ಮತ್ತೇನ್ ಮಾಡಬೇಕಿತ್ತು?"

"ಪಂಕ್ತಿ ಏಳೂತನಕ ಕಾಯಬೇಕಿತ್ತು."

"ಈ ಡಬ್ಬಿ, ಈ ಹಲಗಿ, ಎಲ್ಲಾ ನಿನ್ನ ಸಲುವಾಗೇ ಮಾಡಿದ್ದು."

"ನನ್ನ ಸಲುವಾಗಿ ಒಂದು ತಾಸು ಕುಂದ್ರಬೇಕಿತ್ತು. ಅದಷ್ಟ."

ಆಕೆ ದನಿಯೇರಿಸಲಿಲ್ಲ. ತನ್ನ ಎಡಗೈ ಸರಿಯಾಗಿತ್ತೆಂಬುದು ಸಂತೋಷದ ಸಂಗತಿಯೆಂದು ಆಕೆಗೆ ಗೊತ್ತಿತ್ತು. ಆ ಸಂತೋಷಕ್ಕಾಗಿ ಒಳಗೆಲ್ಲ ತಡಕಿದಳು, ಸಿಗಲಿಲ್ಲ. ಸಿಕ್ಕಿದ್ದು ರಘುನಂದನರ ಪ್ರಶ್ನೆ. ಎಲ್ಲಿ ಬಿಟ್ಟು ಬಂದೆ ಎಂದು ಕೇಳಿದ್ದವರಿಗೆ ಈಗ ಉತ್ತರವಿತ್ತು, ಕೇಳಿಸಿಕೊಳ್ಳಲು ಅವರಿರಲಿಲ್ಲ. ಕಾರ್ಯದರ್ಶಿಯನ್ನು ಬೈಯಲೂ ಈಗ ಬಾಯಿ ಉಳಿಯಲಿಲ್ಲ. ಅವನ ಮಾತು ಕೊಳಕಾಗಿತ್ತು, ಆದರೆ ಅವನ ಕಿವಿಗೆ ಬಿದ್ದದ್ದು ಸುಳ್ಳಾಗಿರಲಿಲ್ಲ. ಹದಿನೆಂಟು ವರ್ಷ ಆಕೆ ತನ್ನ ಕೈಯನ್ನು ಅನುಮಾನಿಸಿದ್ದಳು. ಆ ಹದಿನೆಂಟೂ ವರ್ಷ ತನ್ನನ್ನು ಸಮಾಧಾನಪಡಿಸುತ್ತ ಬಂದವನನ್ನು ಒಂದು ಸಲವೂ ಅನುಮಾನಿಸಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು. ಮಂಜಪ್ಪ ಪರಾತದಲ್ಲಿ ಗೋಧಿ ಹಿಟ್ಟು ನಾದುತ್ತಿದ್ದ. ಮದುವೆಯಾದಾಗಿನಿಂದ ಅವನು ಹಿಟ್ಟು ಮುಟ್ಟಿದವನಲ್ಲ. ಅಂಗಿಯ ತೋಳಿಗೆಲ್ಲ ಮೆತ್ತಿಕೊಂಡಿತ್ತು. ಉಪ್ಪು ಹಾಕಿರಲಿಲ್ಲ, ಎಣ್ಣೆಯೂ ಇಲ್ಲ; ಅಷ್ಟನ್ನು ನೆನಪಿಟ್ಟಿದ್ದ. ಅಲಮಾರಿಯ ಮೇಲಿನ ಪಖಾವಾಜನ್ನು ಕೆಳಗಿಳಿಸಿ, ಗವಸು ಬಿಚ್ಚಿ, ಚಾಪೆಯ ಮೇಲೆ ಇಟ್ಟಿದ್ದ. ಬಾರುಗಳು ಸಡಿಲಾಗಿ ಜೋತಿದ್ದವು. ಎಡಮುಖದ ಚರ್ಮ ಒಣಗಿ, ಅಂಚಿನುದ್ದಕ್ಕೂ ಒಂದು ಸೀಳು ಬಾಯಿಬಿಟ್ಟಿತ್ತು. ಅವನು ಅದನ್ನು ನೋಡಿರಲಿಲ್ಲ, ಅಥವಾ ನೋಡಿಯೂ ನಂಬಿರಲಿಲ್ಲ.

"ಈಗ ಮಠದಾಗ ಕರೆಂಟ್ ಹೋಗೂದಿಲ್ಲ" ಎಂದ. "ಇನ್ನೊಮ್ಮೆ ಮಾಡೋಣು. ಗುಂಡಿ ಮುಟ್ಟೂದೇ ಇಲ್ಲ. ಕೈ ಮುಂದ ಮಾಡು."

ವಾಸಂತಿ ಹಿಟ್ಟನ್ನು ತೆಗೆದುಕೊಂಡಳು. ಎಡಗೈಯ ಬುಡದಿಂದ ಒತ್ತಿ ನೋಡಿದಳು. ಹದ ಮೃದುವಾಗಿತ್ತು, ಇನ್ನೊಂದಿಷ್ಟು ಗಟ್ಟಿಯಾಗಬೇಕಿತ್ತು. ಒಣಹಿಟ್ಟು ಉದುರಿಸಿ, ಮೂರು ಸಲ ಮಡಚಿ ನಾದಿ, ಎಂಟು ಉಂಡೆ ಕಟ್ಟಿದಳು. ನಂತರ ಮಣೆ ಎಳೆದುಕೊಂಡು ಲಟ್ಟಣಿಗೆ ಹಿಡಿದಳು. ಕಾವಲಿಯ ಕೆಳಗೆ ಒಲೆ ಹೊತ್ತಿಸಿದಳು.

"ಡಬ್ಬಗಳನ್ನ ತೆಗೀಬ್ಯಾಡ್ರಿ" ಎಂದಳು, ತಿರುಗಿ ನೋಡದೆ. "ಚಂದ ಕೂತಾವ. ಬ್ಯಾರೆಯವರದು ಕೇಳ್ಕೋತ ಇರ್ರಿ."

ಹನ್ನೆರಡೂವರೆಗೆ ತಟ್ಟೆ ಹಾಕಿದಳು. ಚಪಾತಿಗೆ ಉಪ್ಪಿರಲಿಲ್ಲ. ಮಂಜಪ್ಪ ತನ್ನ ಪಾಲಿನ ನಾಲ್ಕನ್ನೂ ತಿಂದ, ಉಪ್ಪು ಕೇಳಲಿಲ್ಲ. ಆಕೆ ತಂದಿಡಲೂ ಇಲ್ಲ.