ಗಾಜಿನಲ್ಲಿ ಕಂಡ ಲಾರಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಮೊದಲೆಲ್ಲ ನಾನು ನಗುತ್ತಿದ್ದೆ. ಬಿ.ಎಸ್ಸಿ. ಓದಿದವನು, ಕಣ್ಣು ಕಾಣುವುದು ಅರ್ಧ, ಉಳಿದರ್ಧವನ್ನು ಭಯ ತುಂಬುತ್ತದೆ ಎಂದು ವಾದಿಸುತ್ತಿದ್ದೆ. ಈಗ ವಾದಿಸುವುದಿಲ್ಲ. ನಂಬಿ ಎಂದು ನಿಮ್ಮನ್ನೂ ಕೇಳುವುದಿಲ್ಲ.

ಪದವಿ ಮುಗಿಸಿ ನೌಕರಿ ಸಿಗದೆ ತೆಲಂಗಾಣದ ತಾಂಡೂರಿನಲ್ಲಿ ಸೋದರಮಾವನ ಬಟ್ಟೆ ಅಂಗಡಿಯಲ್ಲಿ ಕುಳಿತಿದ್ದೆ. ಪಕ್ಕದ ಓಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಿಡಿಯುವ ಕಾರ್ಖಾನೆ. ಚಳಿಗಾಲದಲ್ಲಿ ಅಲ್ಲಿಂದ ಹಾರಿದ ಬಿಳಿ ಪುಡಿ ಮಂಜಿನ ಜೊತೆ ಸೇರಿ ನಮ್ಮ ಅಂಗಡಿಯ ಮುಂದಿನ ದೊಡ್ಡ ಗಾಜಿಗೆ ಕಲಸಿದ ಹಿಟ್ಟಿನಂತೆ ಅಂಟುತ್ತಿತ್ತು. ಒಣಗಿದ್ದನ್ನು ಉಜ್ಜಿದರೆ ಗಾಜಿಗೆ ಗೀರು ಬೀಳುತ್ತದೆ. ಬೋಣಿಗೆ ಮೊದಲೇ ಬಿಸಿನೀರಲ್ಲಿ ಅದ್ದಿದ ಅರಿವೆಯಿಂದ ಒರೆಸಬೇಕು. ಅದು ಮಾಳಪ್ಪನ ಕೆಲಸ. ಪೆದ್ದೆಮುಲ್ ಕಡೆಯ ಕುರಿಗಾರರ ಮನೆಯವನು, ಐವತ್ತು ದಾಟಿದವನು. ಆ ವಾರ ಚಳಿಗೆ ಅವನ ಬೆರಳುಗಳು ಒಡೆದು ರಕ್ತ ಒಸರುತ್ತಿದ್ದುದರಿಂದ ಅರಿವೆಯನ್ನು ನಾನು ತೆಗೆದುಕೊಂಡಿದ್ದೆ.

ಅವತ್ತು ಬೆಳಿಗ್ಗೆ ಮಂಜು ಎಂದಿಗಿಂತ ದಟ್ಟವಾಗಿತ್ತು. ಕಾರ್ಖಾನೆಯ ಯಂತ್ರಗಳ ಸದ್ದಿನಲ್ಲಿ ಬೇರೇನೂ ಕೇಳುತ್ತಿರಲಿಲ್ಲ. ರಸ್ತೆಗೆ ಬೆನ್ನು ಹಾಕಿ ಒರೆಸುತ್ತಿದ್ದೆ. ಒರೆಸಿದ ಜಾಗದಲ್ಲಿ ಕಲ್ಲು ತುಂಬಿದ ಲಾರಿಯೊಂದು ಕಂಡಿತು. ಅದು ಹಿಮ್ಮುಖವಾಗಿ ನೇರ ನನ್ನತ್ತಲೇ ಬರುತ್ತಿತ್ತು. ಹಿಂಬಾಗಿಲ ಮೇಲೆ ಹಳದಿ ಬಣ್ಣದ ತೆಲುಗು ಅಕ್ಷರ: ‘ಅಮ್ಮ ದೀವೆನ’, ತಾಯಿಯ ಆಶೀರ್ವಾದ. ಚೀರಿ ಪಕ್ಕಕ್ಕೆ ಹಾರಿದೆ. ಮೆಟ್ಟಿಲಿಗೆ ಮೊಣಕಾಲು ಬಡಿಯಿತು.

ತಿರುಗಿದರೆ ರಸ್ತೆ ಖಾಲಿ.

ಬಕೀಟಿನ ಹಬೆಗೆ ಕೈ ಕಾಸುತ್ತಿದ್ದ ಮಾಳಪ್ಪ ಬಿದ್ದು ಬಿದ್ದು ನಕ್ಕ. “ಏನಾತ್ರಿ ಸಾಹೇಬ್ರ? ಚೇಳು ಕಡೀತೇನು?”

“ಲಾರಿ ಬಂತಲ್ಲೋ ಕಾಕಾ!”

“ಎಲ್ಲದ್ರಿ ಲಾರಿ? ಕಾಲೇಜು ಕಲಿತವರಿಗಿ ನಿಂತಲ್ಲೇ ಕನಸು ಬೀಳ್ತಾವ ನೋಡ್ರಿ! ಕೊಡ್ರಿ ಅರಿವಿ. ಒಳಗ ಹೋಗಿ ಚಾ ಕುಡೀರಿ.”

ನಾಚಿಕೆಯಾಯಿತು. ಅರಿವೆ ಕೊಟ್ಟು ಒಳಗೆ ಹೋದೆ.

ಚಹಾ ಇನ್ನೂ ಬಿಸಿಯಾಗಿಯೇ ಇತ್ತು. ಗಾಜಿನಾಚೆ ಕಂಬಳಿ ಹೊದ್ದ ಮಾಳಪ್ಪ, ಅವನ ಬೆನ್ನ ಹಿಂದೆ ಮಂಜು. ಆ ಮಂಜಿನೊಳಗಿಂದ ಹಳದಿ ಅಕ್ಷರಗಳು ಬಂದವು. ಓಣಿಗೆ ತಿರುಗಬೇಕಾದ ಲಾರಿ ಅಂಗಡಿಯತ್ತ ಹಿಂದೆ ಸರಿಯುತ್ತಿತ್ತು. ಓಡಿಹೋಗಿ ಎರಡೂ ಕೈಯಿಂದ ಗಾಜು ಬಡಿದೆ, ಹಿಂದೆ ನೋಡು ಎಂದು ಬೆರಳು ಮಾಡಿ ಕೂಗಿದೆ. ಅವನು ನಕ್ಕ. ಗಾಜಿನ ಮೇಲಿನ ಕಲೆ ತೋರಿಸುತ್ತಿದ್ದೇನೆ ಎಂದುಕೊಂಡನೋ ಏನೋ, ನಾನು ಬೆರಳಿಟ್ಟ ಜಾಗವನ್ನು ಆಚೆಯಿಂದ ಎರಡು ಸಲ ಒರೆಸಿದ. ಆಮೇಲೆ ಗಾಜು ನನ್ನ ಮೇಲೆ ಬಿತ್ತು.

ನನ್ನ ಹಣೆಯ ಮೇಲೆ ಗಾಯದ ಗುರುತು ಉಳಿದಿದೆ. ಮಾಳಪ್ಪ ಆಸ್ಪತ್ರೆ ಮುಟ್ಟಲಿಲ್ಲ. ಮೂರನೆಯ ದಿನ ಅವನ ಹೆಂಡತಿ ಬಂದು ಕೇಳಿದ್ದು ಒಂದೇ ಮಾತು: “ನೀವು ಒರಸ್ತಿದ್ರಂತಲ್ಲ, ಅರಿವಿ ಅವ್ರ ಕೈಯಾಗ ಯಾಕ ಬಂತ್ರಿ?”

ಮಂಜಿನಲ್ಲಿ ಮೊದಲೇ ಲಾರಿ ಸುಳಿದಿರಬೇಕು, ಅದರ ಪ್ರತಿಬಿಂಬ ಕಂಡಿದ್ದೀಯ ಎನ್ನುತ್ತಾರೆ ಗೆಳೆಯರು. ಇರಬಹುದು. ಆದರೆ ಪ್ರತಿಬಿಂಬದಲ್ಲಿ ಅಕ್ಷರ ಉಲ್ಟಾ ಕಾಣಬೇಕು. ಎದುರಿನ ಅಂಗಡಿಗಳ ಬೋರ್ಡುಗಳನ್ನು ಆ ಗಾಜಿನಲ್ಲಿ ದಿನವೂ ಉಲ್ಟಾ ನೋಡಿ ನನಗೆ ರೂಢಿಯಾಗಿತ್ತು. ‘ಅಮ್ಮ ದೀವೆನ’ ಮೊದಲ ಸಲವೂ ನೇರವಾಗಿಯೇ ಕಂಡಿತ್ತು, ಆಮೇಲೆ ಒಳಗೆ ನಿಂತು ಕಂಡ ಹಾಗೆಯೇ. ಹೊರಗೆ ನಿಂತವನಿಗೆ ಒಳಗಿನಿಂದ ಕಾಣುವುದು ಹೇಗೆ ಕಂಡಿತು? ನಾನು ಹಾರದಿದ್ದರೆ ಅರಿವೆ ಯಾರ ಕೈಯಲ್ಲಿರುತ್ತಿತ್ತು?

ಇವತ್ತಿಗೂ ಯಾವುದೇ ಅಂಗಡಿಯ ಗಾಜಿನ ಮುಂದೆ ನಿಂತರೆ ಮೊದಲು ಅದರಲ್ಲಿ ಎದುರಿನ ಬೋರ್ಡು ಹುಡುಕುತ್ತೇನೆ. ಅಕ್ಷರ ಉಲ್ಟಾ ಇದ್ದರೆ ಮಾತ್ರ ಉಸಿರು ಬಿಡುತ್ತೇನೆ.