ಸರಿಯಾಗಿ ಬರೆದದ್ದಕ್ಕೆ ಸೊನ್ನೆ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಇಂಥ ಮಾತುಗಳನ್ನು ನಾನೂ ನಂಬುತ್ತಿರಲಿಲ್ಲ. ಆಗ ಯಳಂದೂರಿನಿಂದ ದಿನಾ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಹೋಗಿ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಯಾರು ಬಂದು “ಎಲ್ಲ ಸರಿಯಾಗೇ ಅದ, ಆದ್ರೂ ಎರರ್ ಬತ್ತದ ಸಾ” ಅಂದರೂ ನನ್ನದು ಒಂದೇ ಉತ್ತರ: ಯಂತ್ರ ತಪ್ಪು ಮಾಡುವುದಿಲ್ಲ, ತಪ್ಪು ನಿನ್ನದು, ಹುಡುಕು.

ಕಂಪೈಲರ್ ಅಂತ ಒಂದಿದೆ. ನಾವು ಬರೆದ ಪ್ರೋಗ್ರಾಂ ಓದಿ, ನಿಯಮ ತಪ್ಪಿದ್ದರೆ ಇಂಥ ಸಾಲಿನಲ್ಲಿ ತಪ್ಪಿದೆ ಎಂದು ಹೇಳಿ ಅಲ್ಲೇ ನಿಲ್ಲಿಸಿಬಿಡುತ್ತದೆ. ನಮ್ಮ ಮಕ್ಕಳಿಗೆ ಅದರ ಭಯವಿರಲಿಲ್ಲ, ಏಕೆಂದರೆ ಅವರು ಸೀನಿಯರ್‌ಗಳ ರೆಕಾರ್ಡ್ ಪುಸ್ತಕ ಉರುಹೊಡೆದು ಬರುತ್ತಿದ್ದರು. ಅದರ ಒಂದು ಪ್ರೋಗ್ರಾಮಿನಲ್ಲಿ ಬರೀ ಒಂದು ಸೆಮಿಕೋಲನ್ ಇರುವ ಸಾಲಿತ್ತು. ಅದಕ್ಕೆ ಅರ್ಥವಿಲ್ಲ, ಕೆಲಸವಿಲ್ಲ. ಯಾರು ಸೇರಿಸಿದರೋ, ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ ಅನ್ನುವಂತೆ ಎಲ್ಲರೂ ಅದನ್ನು ಬರೆದರು, ನಾನೂ ಕೆಂಪು ಇಂಕಿನಲ್ಲಿ ಸರಿ ಹಾಕುತ್ತ ಬಂದೆ.

ಕೇಳಿದವಳು ಒಬ್ಬಳೇ, ಹೂಗ್ಯಂನ ಮಾದೇವಿ. ಹನೂರಿನಲ್ಲಿ ಬಸ್ ಬದಲಿಸಿ ಬರುತ್ತಿದ್ದ ಹುಡುಗಿ. ಮಿಕ್ಕೆಲ್ಲ ಪಾಸಾಗಿ ಈ ಲ್ಯಾಬ್ ಪರೀಕ್ಷೆಯೊಂದು ಉಳಿದಿತ್ತು, ಅದಕ್ಕೂ ಆ ಸಲದ್ದೇ ಕೊನೆಯ ಅವಕಾಶ. “ಇದ್ಯಾಕ್ ಸಾ, ಏನೂ ಕೆಲ್ಸ ಮಾಡಲ್ವಲ್ಲ?” ಅಂದಳು. ಬೇಡವಾದರೆ ಬಿಡು ಅಂದೆ. ನಿಯಮದ ಪ್ರಕಾರ ನಾನು ಹೇಳಿದ್ದು ಸರಿಯಾಗಿಯೇ ಇತ್ತು.

ಪರೀಕ್ಷೆಯಲ್ಲಿ ಅವಳಿಗೆ ಅದೇ ಪ್ರೋಗ್ರಾಂ ಬಂತು. ಆ ಸಾಲು ಬಿಟ್ಟು ಬರೆದಳು. ಕಂಪೈಲರ್ ಒಪ್ಪಲಿಲ್ಲ. ಪಕ್ಕದ ಯಂತ್ರದ ಮುಂದೆ ಕೂರಿಸಿದೆ, ಅಲ್ಲೂ ಅದೇ ಎರರ್. ನಾನೇ ಪ್ರತಿ ಸಾಲನ್ನೂ ಬೆರಳಿಟ್ಟು ಓದಿದೆ. ಒಂದು ಚುಕ್ಕೆಯೂ ತಪ್ಪಿರಲಿಲ್ಲ. ಹೊರಗಿನಿಂದ ಬಂದ ಪರೀಕ್ಷಕರಿಗೆ ಹಾಗಂತ ಹೇಳಿದೆ. ಅವರು ಪರದೆ ಕಡೆ ನೋಡಲೂ ಇಲ್ಲ. “ಔಟ್‌ಪುಟ್ ಇಲ್ಲ ಅಂದ್ಮೇಲೆ ಮಾರ್ಕ್ಸ್ ಎಲ್ಲಿಂದ ಬರುತ್ತೆ?” ಎಂದು ಸೊನ್ನೆ ಸುತ್ತಿ ಹಾಳೆಯನ್ನು ನನ್ನತ್ತ ತಳ್ಳಿದರು. ನಾನು ಸಹಿ ಹಾಕಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಎಲ್ಲರೂ ಹೋದ ಮೇಲೆ ಅವಳು ಮೊದಲು ಕೂತಿದ್ದ ಯಂತ್ರದ ಮುಂದೆ ಕುಳಿತು ಅವಳ ಫೈಲು ತೆರೆದೆ. ಆ ಹಾಳು ಸೆಮಿಕೋಲನ್ ಸೇರಿಸಿ ನೋಡೋಣ ಅಂತಿದ್ದೆ. ಸೇರಿಸುವ ಮೊದಲು ಸುಮ್ಮನೆ ಒಮ್ಮೆ ಓಡಿಸಿದೆ. ಓಡಿತು. ಎರರ್ ಇಲ್ಲ, ಉತ್ತರವೂ ಸರಿ. ಮತ್ತೆ ಓಡಿಸಿದೆ, ಪಕ್ಕದ ಯಂತ್ರದಲ್ಲೂ ಓಡಿಸಿದೆ. ಯಾರಾದರೂ ತಿದ್ದಿದರೋ ಎಂದು ಪರಿಶೀಲಿಸಿದೆ. ಫೈಲನ್ನು ಯಾರೂ ಮುಟ್ಟಿರಲಿಲ್ಲ, ಕೊನೆಯ ಬಾರಿ ಸೇವ್ ಆದ ಸಮಯ ಅವಳು ಎದ್ದುಹೋಗುವ ಮುಂಚಿನದು.

ಪರೀಕ್ಷಕರಿಗೆ ಫೋನ್ ಮಾಡಿದೆ. ಹಾಳೆಗಳ ಕವರಿಗೆ ಸೀಲ್ ಬಿದ್ದಾಗಿತ್ತು. “ನಿಮ್ಮದು ಕೊಳ್ಳೇಗಾಲ ಅಲ್ವಾ, ಯಾವ ಮಾಟ ಮಾಡ್ಸಿದ್ರಿ?” ಎಂದು ನಕ್ಕರು. ಹುಡುಗಿಯ ಮೂರು ವರ್ಷ ಮಣ್ಣುಪಾಲಾಗಿದೆ, ಇವರಿಗೆ ತಮಾಷೆ! ಪ್ರಿನ್ಸಿಪಾಲರು ವಿಶ್ವವಿದ್ಯಾಲಯಕ್ಕೆ ಒಂದು ಅರ್ಜಿ ಕಳಿಸಿದರು. ಅದಕ್ಕೆ ಉತ್ತರವೇ ಬರಲಿಲ್ಲ. ಆಮೇಲೆ ಆ ಎರರನ್ನು ಮತ್ತೆ ಬರಿಸಲು ನಾನು ಮಾಡದ ಕಸರತ್ತಿಲ್ಲ. ಒಮ್ಮೆಯೂ ಬರಲಿಲ್ಲ.

ಫಲಿತಾಂಶ ಬಂದ ಮೇಲೆ ಮಾದೇವಿ ತನ್ನ ಸರ್ಟಿಫಿಕೇಟುಗಳನ್ನು ವಾಪಸು ಪಡೆಯಲು ಬಂದಳು. ಪರದೆಯಲ್ಲಿ ಅವಳ ಪ್ರೋಗ್ರಾಂ ಓಡಿಸಿ ತೋರಿಸಿದೆ. ಅಳಲಿಲ್ಲ, ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಅಂಗಾದ್ರ ನಾ ಬರ್ದಿದ್ದು ಸರಿಯಾಗೇ ಇತ್ತು, ಅಲ್ವಾ ಸಾ?”

“ಸರಿಯಾಗೇ ಇತ್ತು.”

“ಅಂಗಂತ ಒಂದ್ ಕಾಗ್ದದಲ್ಲಿ ಬರ್ದು ಸೈನ್ ಆಕ್ಕೊಡಿ. ಯಾಕ್ ಫೇಲಾದೆ ಅಂತ್ಲೂ ಬರೀರಿ. ಅಪ್ಪಂಗೆ ತೋರುಸ್ಬೇಕು.”

ಕಾಗದ ತೆಗೆದುಕೊಂಡೆ. ಪ್ರೋಗ್ರಾಂ ಸರಿ ಇದೆ ಎಂದು ಬರೆದೆ. ‘ಕಾರಣ’ ಎಂದು ಬರೆದು ಪೆನ್ನು ಹಿಡಿದು ಕುಳಿತೆ. ಅವಳು ಹನೂರಿನ ಬಸ್ಸಿಗೆ ಹೊತ್ತಾಯಿತೆಂದು ಎರಡು ಸಲ ಗಡಿಯಾರ ನೋಡಿದಳು. ಕೊನೆಗೆ ‘ಗೊತ್ತಿಲ್ಲ’ ಎಂದು ಬರೆದು ಕೊಟ್ಟೆ. ಇವತ್ತಿಗೂ ಗೊತ್ತಿಲ್ಲ. ಆ ಒಂದು ಪದ ಬರೆಯಲು ನನಗೆ ಅಷ್ಟು ಹೊತ್ತು ಬೇಕಾಯಿತು. ಸೊನ್ನೆಯ ಕೆಳಗೆ ಸಹಿ ಹಾಕಲು ಅರೆಗಳಿಗೆಯೂ ಬೇಕಾಗಿರಲಿಲ್ಲ.