ಮಲಂಗಸಾಬನ ಅರ್ಧ

ಕಮಲಾಪುರದ ಮಲಂಗಸಾಬ ಮಾತು ಕೊಡುವುದು ಬಾಯಿಂದಲ್ಲ, ಬಾಳೆಹಣ್ಣಿನಿಂದ. ವ್ಯವಹಾರ ಕುದುರಿತೆಂದರೆ ಗೊನೆಯಿಂದ ಒಂದು ಕೆಂಪು ಹಣ್ಣು ಕಿತ್ತು, ನಡುವೆ ಮುರಿದು, ಎದುರಿನವನಿಗೆ ಅರ್ಧ ಕೊಟ್ಟು ತಾನರ್ಧ ತಿನ್ನುತ್ತಾನೆ. ತಿಂದ ಮೇಲೆ ಮಾತು ತಪ್ಪಿದವನಲ್ಲ. ಸೂಪರ್ ಮಾರ್ಕೆಟ್ಟಿಗೆ ಹಣ್ಣು ಹೊರುವ ಅವನ ಮೂರು ಗಾಲಿಯ ಟಂಟಂನಲ್ಲೇ ನಾನು ದಿನಾ ಕಲಬುರಗಿಯ ನೌಕರಿಗೆ ಹೋಗುವುದು.

ಬೆನ್ನುನೋವು ಹೆಚ್ಚಾದಾಗ ಮಲಂಗಸಾಬ ಗಾಡಿಯನ್ನು ಹೆಂಡತಿಯ ತಮ್ಮ ಸರ್ಫರಾಜನಿಗೆ ಬಿಡಲು ನಿಶ್ಚಯಿಸಿದ. ಐದು ವರ್ಷದ ಸಾಲ, ಎರಡೂವರೆ ವರ್ಷ ಕಂತು ಕಟ್ಟಿಯಾಗಿತ್ತು. ಉಳಿದರ್ಧ ಸಾಲವನ್ನು ಸರ್ಫರಾಜ ತೀರಿಸಿದರೆ ಗಾಡಿ ಅವನದು. ಹಣ್ಣು ಮುರಿದರು. ಸರ್ಫರಾಜ ಕಲಬುರಗಿಯ ರೋಜಾ ಬಡಾವಣೆಯ ಲಾಡ್ಜಿನ ನೌಕರಿ ಬಿಟ್ಟೇ ಬಂದ.

ಮರುವಾರ ಲೆಕ್ಕ ಕೇಳಲು ಫೈನಾನ್ಸ್ ಕಚೇರಿಗೆ ಹೊರಟ ಮಲಂಗಸಾಬ, ಓದಿದವನೆಂದು ನನ್ನನ್ನೂ ಕರೆದೊಯ್ದ. ಕೌಂಟರಿನ ಹುಡುಗಿ ಹೇಳಿದ ಬಾಕಿ ಅರ್ಧವಲ್ಲ, ಐದರಲ್ಲಿ ಮೂರು ಪಾಲು. ಅವನು ಬೆವರೊರೆಸಿಕೊಂಡು ನನ್ನತ್ತ ನೋಡಿದ. ಆಕೆ ಅಮಾರ್ಟೈಸೇಶನ್ ಅಂದಳು. ನಾನು ಗಂಭೀರವಾಗಿ ತಲೆಯಾಡಿಸಿದೆ, ನನ್ನ ಬಿ.ಕಾಂ.ನಿಂದ ಆದದ್ದು ಅಷ್ಟೇ. ಪುಣ್ಯಕ್ಕೆ ಅವಳೇ ಬಿಡಿಸಿ ಹೇಳಿದಳು: ಕಂತು ಪ್ರತಿ ತಿಂಗಳೂ ಒಂದೇ. ಮೊದಮೊದಲು ಸಾಲ ದೊಡ್ಡದು, ಹಾಗಾಗಿ ಬಡ್ಡಿಯೂ ದೊಡ್ಡದು. ಅದು ತಿಂದು ಉಳಿಸಿದ್ದು ಮಾತ್ರ ಅಸಲಿಗೆ. ಅಸಲು ಕರಗಿದಂತೆ ಬಡ್ಡಿ ಕುಗ್ಗುತ್ತದೆ, ಸಾಲವನ್ನು ನಿಜವಾಗಿ ಕಡಿಯುವುದು ಕೊನೆಕೊನೆಯ ಕಂತುಗಳು.

ಹಿಂದಿರುಗುವಾಗ ನಾನು ಮನಸ್ಸಿನಲ್ಲೇ ನನ್ನ ಲೆಕ್ಕ ಹಾಕುತ್ತಿದ್ದೆ: ಮನೆ ಸಾಲದ ಅರ್ಧ ಅವಧಿ ಮುಗಿಯಿತೆಂದು ಹೋದ ತಿಂಗಳಷ್ಟೇ ಪೇಢೆ ಹಂಚಿದ್ದೆ.

"ಬಡ್ಡಿ ಮೊದ್ಲ ಊಟಕ್ಕ ಕುಂತದ, ಅಸಲಿಗಿ ಎಂಜಲ" ಎಂದ ಮಲಂಗಸಾಬ. "ಹಣ್ಣು ತಿಂದೀನ್ರಿ ಸರ. ಈಗೇನು ವಾಂತಿ ಮಾಡ್ಲೇನು?"

ಮನೆಯೆದುರು ಸರ್ಫರಾಜ ಗಾಡಿಗೆಂದು ತಂದ ಹೊಸ ಸೀಟು ಕವರು ಹಿಡಿದು ನಿಂತಿದ್ದ. ಮಲಂಗಸಾಬ ಎಲ್ಲ ಹೇಳಿದ. ಹೆಂಡತಿ ಮಸ್ತಾನಬಿ ಚಹಾ ಹಿಡಿದು ಹೊಸ್ತಿಲಲ್ಲೇ ನಿಂತುಬಿಟ್ಟಳು: ಈ ಕಡೆ ಗಂಡನ ಮಾತು, ಆ ಕಡೆ ತಮ್ಮನ ಹೋದ ನೌಕರಿ. ನನ್ನ ಸಲುವಾಗಿ ಎಲ್ಲರೂ ಕನ್ನಡದಲ್ಲೇ ಆಡುತ್ತಿದ್ದುದರಿಂದ ನನಗೆ ಅರ್ಥವಾಗಲಿಲ್ಲವೆಂದು ನಟಿಸುವ ಅನುಕೂಲವೂ ಇರಲಿಲ್ಲ.

"ನನ್ ಕಡಿ ಅರ್ಧಕ್ಕಷ್ಟೇ ರೊಕ್ಕ ಅದ, ಭಾಯಿ" ಎಂದ ಸರ್ಫರಾಜ.

"ಅರ್ಧಾನೇ ಕೊಡು. ಮ್ಯಾಲಿಂದು ನಂದು. ಅದು ತೀರೋತನಕ ಮುಂಜಾನಿ ಪಾಳಿ ನಾ ಹೊಡಿತೀನಿ, ಆ ಬಾಡಿಗಿ ಕಂತಿಗಿ."

"ಮತ್ತ ಬೆನ್ನು?" ಎಂದಳು ಮಸ್ತಾನಬಿ.

"ಬೆನ್ನಿನ ಸಂಗಟ ನಾ ಹಣ್ಣು ಮುರದಿಲ್ಲ."

ಮರುದಿನ ಮುಂಜಾನೆ ಬೆನ್ನಿಗೆ ದಿಂಬು ಕಟ್ಟಿಕೊಂಡು ಅವನೇ ಗಾಡಿ ಹೊಡೆದ. ಪಕ್ಕದಲ್ಲಿ ಸರ್ಫರಾಜ, ನಾನು ಹಿಂದೆ, ಗೊನೆಗಳ ನಡುವೆ. ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಮಲಂಗಸಾಬ ಸುಮ್ಮನಿದ್ದ. ಯಾ ಅಲ್ಲಾ ಎನ್ನುತ್ತಿದ್ದವನು ಸರ್ಫರಾಜ.